ದಾರಿ ಹೇಳುವವರ ರಿಪೇರಿ ಕೆಲಸ

ಪಕ್ಕದ ಮನೆ ಟೀಚರಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವರು ಕೇಳಿದ್ದಕ್ಕೆ ಹೂಂ ಅಂದು ಜಾರಿಕೊಳ್ಳುವ ಹಾಗಿಲ್ಲ. ಮೊನ್ನೆ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಆ ಬದಿ ದಾಸವಾಳ ಬಿಡಿಸುತ್ತಾ ಕೇಳಿದರು: "ಅಲ್ಲ ಕಣಮ್ಮ, ನಿಮ್ಮ ಸಾಫ್ಟ್‌ವೇರನ್ನ ಯಾರು ಬೇಕಾದ್ರೂ ತಗೋಬಹುದು, ಯಾರು ಬೇಕಾದ್ರೂ ತಿದ್ದಬಹುದು ಅಂತೀಯ. ಇಂಟರ್ನೆಟ್ಟು ಅದರ ಮೇಲೆ ನಡೀತದೆ ಅಂತಾನೂ ಅಂತೀಯ. ಎರಡೂ ಒಟ್ಟಿಗೆ ಹೇಗೆ ನಿಜ ಆಗ್ತದೆ?"

ಒಳ್ಳೆಯ ಪ್ರಶ್ನೆ. ಆ ಬೆಳಿಗ್ಗೆ ಗೋಡೆಯ ಬಳಿ ನಡೆದ ಮಾತು ಉದ್ದವಾಯಿತು. ಅಂದು ಹೇಳಿದ್ದನ್ನೂ ಹೇಳಲು ಬಿಟ್ಟುಹೋದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮನೆಯ ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುತ್ತಾ ಕೂತಿರುವ ವೈಫೈ ಡಬ್ಬಿಯನ್ನೂ ರೂಟರ್ ಎನ್ನುತ್ತೇವೆ. ಅದಕ್ಕೆ ಗೊತ್ತಿರುವ ದಾರಿ ಒಂದೇ. ಮನೆಯೊಳಗಿನದಲ್ಲದ್ದೆಲ್ಲ ಕೇಬಲ್ಲಿನವರ ಕಡೆಗೆ. ನಾನು ಹೇಳುತ್ತಿರುವುದು ಅದರಾಚೆಯ ದೊಡ್ಡ ರೂಟರ್‌ಗಳ ಮಾತು. ಇವತ್ತು ಅಂಥದ್ದೊಂದು ರೂಟರ್ ಸುಮಾರು ಹತ್ತು ಲಕ್ಷ ದಾರಿಗಳನ್ನು ನೆನಪಿಟ್ಟುಕೊಂಡಿರಬೇಕು. ಆ ಪಟ್ಟಿಯನ್ನು ಯಾವ ಸರ್ಕಾರವೂ ಕೂತು ಬರೆಯುವುದಿಲ್ಲ, ಯಾವ ಕಂಪನಿಯೂ ಹಂಚುವುದಿಲ್ಲ. ಜಗತ್ತಿನ ಒಂದೊಂದು ದೊಡ್ಡ ಜಾಲಕ್ಕೂ ಒಂದು ನಂಬರ್ ಕೊಟ್ಟಿದ್ದಾರೆ. ಗೋಡೆಯ ಆಚೆ ಈಚೆ ನಿಂತು ನಾನೂ ಟೀಚರಮ್ಮನೂ ಮಾತಾಡುವ ಹಾಗೆ, ಅಕ್ಕಪಕ್ಕದ ಜಾಲಗಳ ರೂಟರ್‌ಗಳು ಮಾತಾಡಿಕೊಳ್ಳುತ್ತವೆ. 'ಈ ವಿಳಾಸಗಳು ನನ್ನ ಹತ್ತಿರ ಇವೆ' ಎಂದು ಒಂದು ಹೇಳುತ್ತದೆ. ಕೇಳಿಸಿಕೊಂಡದ್ದು ತನ್ನ ನಂಬರನ್ನೂ ಮುಂದೆ ಅಂಟಿಸಿ ಆಚೆ ಮನೆಗೆ ದಾಟಿಸುತ್ತದೆ. ಹೀಗೆ ದಾಟುತ್ತಾ ದಾಟುತ್ತಾ ಮೈಸೂರಿನ ಒಂದು ವಿಳಾಸದ ಸುದ್ದಿ ಬ್ರೆಜಿಲ್ಲಿಗೂ ಮುಟ್ಟುತ್ತದೆ. ಈ ಮಾತುಕತೆಯ ನಿಯಮಕ್ಕೆ ಬಿಜಿಪಿ ಎಂದು ಹೆಸರು. 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ಊರಿನಲ್ಲಿ ಸಭೆಗೆಂದು ಸೇರಿದ್ದ ಕಿರ್ಕ್ ಲಾಹೀಡ್ ಮತ್ತು ಯಾಕೋವ್ ರೆಖ್ಟರ್ ಊಟದ ಹೊತ್ತಿನಲ್ಲಿ ಪೇಪರ್ ನ್ಯಾಪ್‌ಕಿನ್ ಮೇಲೆ ಇದರ ಮೊದಲ ರೂಪ ಗೀಚಿದರು. ಈಗಲೂ ನಡೆಯುತ್ತಿರುವುದು ಅದರ ಬೆಳೆದ ರೂಪವೇ.

ಬಹಳ ಕಾಲ ಈ ಮಾತನ್ನಾಡುವ ತಂತ್ರಾಂಶ ಬಹುಮಟ್ಟಿಗೆ ಕಂಪನಿಗಳ ಪೆಟ್ಟಿಗೆಯೊಳಗೇ ಬೀಗ ಹಾಕಿಕೊಂಡು ಕೂತಿತ್ತು. ಪೆಟ್ಟಿಗೆ ಕೊಂಡವರಿಗೆ ಅದನ್ನು ತೆರೆದು ನೋಡುವ ಹಾಗಿರಲಿಲ್ಲ. 1996ರಲ್ಲಿ ಜಪಾನಿನ ಕುನಿಹಿರೊ ಇಶಿಗುರೊ ಇದನ್ನು ಎಲ್ಲರೂ ಓದಬಹುದಾದ, ತಿದ್ದಬಹುದಾದ ತಂತ್ರಾಂಶವಾಗಿ ಬರೆಯಲು ಶುರುಮಾಡಿದರು. ಹೆಸರು ಜೀಬ್ರಾ. ಅದರಿಂದ ಕವಲೊಡೆದದ್ದು ಕ್ವಾಗಾ, ಕ್ವಾಗಾದಿಂದ 2017ರಲ್ಲಿ ಕವಲೊಡೆದದ್ದು ಎಫ್‌ಆರ್‌ಆರ್. ನನ್ನ ಒಡನಾಟವೆಲ್ಲ ಈ ಎಫ್‌ಆರ್‌ಆರ್ ಜೊತೆ. ಈ ನಡುವೆ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ 'ಬರ್ಡ್' ಕೂಡ ಬೆಳೆದು ದೊಡ್ಡದಾಯಿತು. ಜಾಲಗಳು ಪರಸ್ಪರ ಕೂಡುವ ಎಕ್ಸ್‌ಚೇಂಜ್‌ಗಳಲ್ಲಿ ಜಗತ್ತಿನ ಬಹಳ ಕಡೆ ಇವತ್ತು ಅದೇ ಓಡುತ್ತಿದೆ. ದೊಡ್ಡ ಡೇಟಾ ಸೆಂಟರ್‌ಗಳ ಸ್ವಿಚ್‌ಗಳಿಗೆಂದು ಮೈಕ್ರೋಸಾಫ್ಟ್ ಹೊರತಂದ ಸಾನಿಕ್ ಎಂಬ ವ್ಯವಸ್ಥೆಯೊಳಗೆ ದಾರಿ ಹುಡುಕುವುದು ಎಫ್‌ಆರ್‌ಆರ್. ಟೀಚರಮ್ಮನ ಪ್ರಶ್ನೆಯ ಎರಡನೇ ಅರ್ಧಕ್ಕೆ ಇಷ್ಟು ಉತ್ತರ ಸಾಕು.

ಮೊದಲ ಅರ್ಧ ಕಷ್ಟದ್ದು. ತಿದ್ದುವುದು ಎಂದರೇನು ಎಂಬುದರಿಂದಲೇ ಶುರುಮಾಡಬೇಕು.

ಜಾಲಕ್ಕೆ ಒಂದೊಂದು ನಂಬರ್ ಅಂದೆನಲ್ಲ, ಆ ನಂಬರ್ ಮೊದಲಿಗೆ 65535ಕ್ಕೆ ಮುಗಿಯುತ್ತಿತ್ತು. ಜಾಲಗಳು ಹೆಚ್ಚಿದಂತೆ ಅದು ಸಾಲದಾಗುತ್ತದೆ ಎಂದು ಗೊತ್ತಾಗಿ, 2007ರಲ್ಲಿ ನಾನ್ನೂರು ಕೋಟಿಗೂ ಮೇಲೆ ಎಣಿಸಬಹುದಾದ ಹೊಸ ನಂಬರುಗಳ ನಿಯಮ ಬಂತು. ಎಲ್ಲ ತಂತ್ರಾಂಶಗಳೂ ಈ ಸೌಲಭ್ಯವನ್ನು ಸೇರಿಸಿಕೊಳ್ಳಬೇಕಾಯಿತು. ಕ್ವಾಗಾವೂ ಸೇರಿಸಿಕೊಂಡಿತು. ಲೆಕ್ಕಾಚಾರದ ಭಾಗವೆಲ್ಲ ಸರಿಯಾಗಿಯೇ ಇತ್ತು. ಆದರೆ ದಾರಿಯನ್ನು ಮನುಷ್ಯರು ಓದುವಂತೆ ಅಕ್ಷರದಲ್ಲಿ ಬರೆದಿಡುವ ಒಂದು ಕಡೆ, ಒಂದು ನಂಬರಿಗೆ ಎಷ್ಟು ಜಾಗ ಬೇಕು ಎಂಬ ಹಳೆಯ ಅಂದಾಜು ಹಾಗೇ ಉಳಿದಿತ್ತು: ಐದು ಅಂಕಿ, ನಡುವೆ ಬಿಡಲು ಒಂದು ಜಾಗ. 65535 ಐದಂಕಿಯ ಸಂಖ್ಯೆ ತಾನೆ? ಹೊಸ ನಂಬರುಗಳು ಹತ್ತಂಕಿಯವರೆಗೆ ಹೋಗುತ್ತವೆ. ದೊಡ್ಡ ನಂಬರುಗಳಿರುವ ದಾರಿಯೊಂದು ಬಂದಾಗ ಬರಹ ಜಾಗಕ್ಕಿಂತ ಉದ್ದವಾಯಿತು. ಒಳಗಿದ್ದ ತಪಾಸಣೆ ಅದನ್ನು ಕಂಡು ಇಡೀ ಕಾರ್ಯಕ್ರಮವನ್ನೇ ನಿಲ್ಲಿಸಿತು. ಅಂದರೆ ದೂರದ ಯಾರದೋ ನಂಬರ್ ದೊಡ್ಡದಿದ್ದದ್ದಕ್ಕೆ ನಮ್ಮ ಊರಿನ ರೂಟರ್ ಮಾತು ಬಿಟ್ಟಿತು. 2009ರಲ್ಲಿ ಇದು ಬಯಲಾಯಿತು. ಪರಿಹಾರದ ತಿರುಳು ಇಷ್ಟೇ: ಆ ಸಾಲಿನಲ್ಲಿದ್ದ 5ನ್ನು ಅಳಿಸಿ 10 ಬರೆಯುವುದು.

"ಅಷ್ಟೇನಾ?" ಅಂದರು ಟೀಚರಮ್ಮ.

ಅಷ್ಟೇ. ಆದರೆ ಸೌಲಭ್ಯ ಸೇರಿಸುವುದು ಬೇರೆ, ಬಗ್ ಸರಿಪಡಿಸುವುದು ಬೇರೆ ಎಂದುಕೊಂಡಿರುವವರಿಗೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ. ದೊಡ್ಡ ನಂಬರಿನ ಸೌಲಭ್ಯ ಪೂರ್ತಿಯಾದದ್ದು ಅದನ್ನು ಸೇರಿಸಿದ ದಿನವಲ್ಲ, ಆ 5 ಅಳಿಸಿದ ದಿನ. ನನ್ನ ಕಣ್ಣಿಗೆ ಇವೆರಡೂ ಒಂದೇ ಕೆಲಸದ ಎರಡು ತುದಿ. ಸೌಲಭ್ಯ ತಂದವರ ಹೆಸರು ಬಿಡುಗಡೆಯ ಪಟ್ಟಿಯಲ್ಲಿ ಮೇಲಕ್ಕೆ ಬರುತ್ತದೆ, ಅಂಕಿ ತಿದ್ದಿದವರ ಹೆಸರು ಕೆಳಗೆಲ್ಲೋ ಇರುತ್ತದೆ. ನನಗೆ ಹೆಚ್ಚು ಗೌರವ ಕೆಳಗಿನ ಹೆಸರುಗಳ ಮೇಲೆ.

ಟೀಚರಮ್ಮನಿಗೆ ಒಂದು ಲೆಕ್ಕವನ್ನೂ ಕೊಟ್ಟೆ. ಅದೇ 2009ರ ಫೆಬ್ರವರಿ 16ರಂದು ಚೆಕ್ ದೇಶದ ಒಂದು ಸಣ್ಣ ಜಾಲದಲ್ಲಿ ನಡೆದದ್ದು. ನಮ್ಮ ಕಡೆ ಬರುವ ದಾರಿ ಉದ್ದ ಎಂದು ತೋರಿಸಿಕೊಳ್ಳಬೇಕಾದಾಗ ಜಾಲಗಳು ತಮ್ಮ ನಂಬರನ್ನೇ ಮತ್ತೆ ಮತ್ತೆ ಅಂಟಿಸಿ ಹೇಳುವುದು ವಾಡಿಕೆ. ಆಗ ಜನ ಇನ್ನೊಂದು ದಾರಿ ಹಿಡಿಯುತ್ತಾರೆ. ಕೆಲವು ರೂಟರ್‌ಗಳಲ್ಲಿ ಆ ನಂಬರನ್ನೇ ಬೇಕಾದಷ್ಟು ಸಲ ಬರೆಯಬೇಕು. ಈ ಚೆಕ್ ಜಾಲದವರ ರೂಟರ್ ಕೇಳುತ್ತಿದ್ದದ್ದು ಎಷ್ಟು ಸಲ ಎಂಬುದನ್ನು ಮಾತ್ರ. ಅಲ್ಲಿ ಅವರು ತಮ್ಮ ಜಾಲದ ನಂಬರನ್ನೇ ಬರೆದರು: 47868. ತಂತ್ರಾಂಶ ಇಷ್ಟು ದೊಡ್ಡದಾಗದು ಎಂದು ಹೇಳಲಿಲ್ಲ. ಅದನ್ನು ಒಂದು ಬೈಟಿನಲ್ಲಿ ತುರುಕಿತು. ಒಂದು ಬೈಟಿನಲ್ಲಿ ಹಿಡಿಯುವುದು 0ಯಿಂದ 255ರ ತನಕ. ಹಾಗಾಗಿ ಉಳಿದದ್ದು 256ರಿಂದ ಭಾಗಿಸಿದಾಗ ಬರುವ ಶೇಷ.

ಹೂವಿನ ಬುಟ್ಟಿ ಗೋಡೆಯ ಮೇಲಿಟ್ಟು ಒಂದು ಗಳಿಗೆ ಮೇಲೆ ನೋಡಿದ ಟೀಚರಮ್ಮ, "ಇನ್ನೂರ ಐವತ್ತೆರಡು" ಅಂದರು.

ಸರಿಯಾಗಿ 252. ಒಂದೇ ನಂಬರ್ 252 ಸಲ ಅಂಟಿಸಿಕೊಂಡ ದಾರಿ ಜಗತ್ತಿನ ಸುತ್ತ ಹೊರಟಿತು. ದಾರಿಯಲ್ಲಿ ಸಿಕ್ಕ ಜಾಲಗಳು ನಿಯಮದಂತೆ ತಮ್ಮದನ್ನೂ ಅಂಟಿಸಿದವು. ಉದ್ದ 255 ದಾಟುತ್ತಿದ್ದಂತೆ ಬೇರೊಂದು ದೊಡ್ಡ ಕಂಪನಿಯ ಹಳೆಯ ರೂಟರ್‌ಗಳಲ್ಲಿ ಅವಿತಿದ್ದ ಇನ್ನೊಂದು ದೋಷ ಎದ್ದಿತು. ಅವು ನೆರೆಯವರ ಜೊತೆಗಿನ ಮಾತುಕತೆಯನ್ನೇ ಕಡಿದುಕೊಳ್ಳತೊಡಗಿದವು. ಸುಮಾರು ಒಂದು ಗಂಟೆ ಜಗತ್ತಿನ ಬೇರೆಬೇರೆ ಕಡೆ ದಾರಿಗಳು ಬಿದ್ದು ಎದ್ದು ಮಾಡಿದವು. ಟೈಪ್ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಬೆಳಗಾದರೆ ಹತ್ತು ಬಗೆಯ ಪೆಟ್ಟಿಗೆಗಳ ಜೊತೆ ಏಗುವವರಿಗೆ ಒಂದೊಂದರ ರೂಢಿಯೂ ನೆನಪಿರುವುದಿಲ್ಲ. ಬೇಡವೆನ್ನಬೇಕಾಗಿದ್ದದ್ದು ತಂತ್ರಾಂಶ. ಎಫ್‌ಆರ್‌ಆರ್‌ನಲ್ಲಿ ಕಡೆಯ ನಂಬರನ್ನು ಮತ್ತೆ ಅಂಟಿಸುವ ಆಜ್ಞೆಯಿದೆ. ಅದರ ವ್ಯಾಖ್ಯೆಯಲ್ಲೇ 1ರಿಂದ 10 ಎಂದು ಬರೆದಿದೆ. 11 ಎಂದು ಹೊಡೆದರೆ ಅಂಥ ಆಜ್ಞೆಯೇ ಇಲ್ಲ ಎನ್ನುತ್ತದೆ. ಹೊಸ ಆಜ್ಞೆ ಸೇರಿಸುವ ಹುಡುಗರಿಗೆ ನಾನು ಮೊದಲು ತೋರಿಸುವುದು ಈ ಸಾಲನ್ನು.

ಇನ್ನೊಂದು ಘಟನೆ ನಮ್ಮ ಎಫ್‌ಆರ್‌ಆರ್‌ನದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ದಾರಿಯ ಸುದ್ದಿಯ ಜೊತೆ ಒಂದಷ್ಟು ವಿವರಗಳೂ ಹೋಗುತ್ತವೆ. ಅವಕ್ಕೆ ಅಟ್ರಿಬ್ಯೂಟ್ ಎನ್ನುತ್ತೇವೆ. ಒಂದೊಂದಕ್ಕೂ 255ರೊಳಗಿನ ಒಂದು ನಂಬರ್. ಕೊನೆಯ 255ನ್ನು ಮಾತ್ರ ಯಾರಿಗೂ ಕೊಡದೆ, ಬರೆಯುವವರು ತಮ್ಮ ಪ್ರಯೋಗಕ್ಕೆ ಬಳಸಿಕೊಳ್ಳಲಿ ಎಂದು ಬಿಟ್ಟಿದ್ದರು. ಎಫ್‌ಆರ್‌ಆರ್‌ನಲ್ಲಿ ವಿಎನ್‌ಸಿ ಎಂಬ ಸೌಲಭ್ಯ ಸೇರಿಸಿದ್ದರು. ಅದಕ್ಕೆ ಸ್ವಂತ ನಂಬರ್ ಸಿಕ್ಕಿರಲಿಲ್ಲ, 255ನ್ನೇ ಹಿಡಿದುಕೊಂಡಿತ್ತು. ಪ್ರಯೋಗದ ಮಟ್ಟಿಗೆ ಅದು ಸರಿಯೇ. ಆದರೆ ಆ ಸೌಲಭ್ಯ ಬಿಡುಗಡೆಯಾದ ಆವೃತ್ತಿಯೊಳಗೂ ಚಾಲೂ ಸ್ಥಿತಿಯಲ್ಲೇ ಹೊರಟುಬಿಟ್ಟಿತು. ವರ್ಷಗಟ್ಟಲೆ ಯಾರಿಗೂ ತೊಂದರೆಯಾಗಲಿಲ್ಲ, 255 ಹೊತ್ತ ಸುದ್ದಿ ಬಂದಿರಲಿಲ್ಲವಲ್ಲ.

2019ರ ಜನವರಿಯಲ್ಲಿ ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರು ಬಿಜಿಪಿಯನ್ನು ಇನ್ನಷ್ಟು ಭದ್ರಮಾಡುವ ಒಂದು ಉಪಾಯವನ್ನು ಪರೀಕ್ಷಿಸಲು ಹೊರಟರು. ಆ ಪ್ರಯೋಗದ ಹೆಸರು ಡಿಸ್ಕೊ. ಮೊದಲೇ ತಿಳಿಸಿ, ತಮ್ಮದೇ ವಿಳಾಸಗಳ ಸುದ್ದಿಗೆ 255ನೇ ಅಟ್ರಿಬ್ಯೂಟ್ ಅಂಟಿಸಿ ಬಿಟ್ಟರು. ಈ ಬಗೆಯ ಗೊತ್ತಿಲ್ಲದ ಅಟ್ರಿಬ್ಯೂಟ್ ಬಂದರೆ ಮುಟ್ಟದೆ ಹಾಗೇ ಮುಂದೆ ದಾಟಿಸು ಎನ್ನುವುದು ನಿಯಮ. ಎಫ್‌ಆರ್‌ಆರ್ ಮಾತ್ರ ಇದು ತನ್ನ ವಿಎನ್‌ಸಿಯದೇ ಎಂದುಕೊಂಡು ಬಿಚ್ಚಿ ನೋಡಿತು. ಒಳಗಿದ್ದದ್ದು ಅರ್ಥವಾಗಲಿಲ್ಲ. ನೆರೆಯವರು ತಪ್ಪು ಮಾತಾಡಿದರು ಎಂದು ಸಂಪರ್ಕ ಕಡಿಯಿತು. ಮತ್ತೆ ಸಂಪರ್ಕವಾದಾಗ ಅದೇ ಸುದ್ದಿ ಮತ್ತೆ ಬಂತು, ಮತ್ತೆ ಕಡಿಯಿತು. ದೂರು ಬರುತ್ತಿದ್ದಂತೆ ಸಂಶೋಧಕರು ಪ್ರಯೋಗ ನಿಲ್ಲಿಸಿದರು. ಎಫ್‌ಆರ್‌ಆರ್‌ನವರು ತಿದ್ದಿದರು. ಹೊಸ ಆವೃತ್ತಿಯಲ್ಲಿ ಮಾತ್ರವಲ್ಲ, ಜನ ಇನ್ನೂ ಓಡಿಸುತ್ತಿದ್ದ ಹಳೆಯವಕ್ಕೂ: 3.0.4, 4.0.1, 5.0.2, 6.0.2. ಎರಡು ವಾರದ ಮೇಲೆ ಸಂಶೋಧಕರು ಮತ್ತೆ ಆರಂಭಿಸಿದರು. ಹೊಸದನ್ನು ಹಾಕಿಕೊಳ್ಳದ ಜಾಲಗಳಿಂದ ಮತ್ತೆ ದೂರು ಬಂತು. ಪ್ರಯೋಗವನ್ನು ಪೂರ್ತಿ ಕೈಬಿಟ್ಟರು.

ಇದರಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಒಂದು ಸಂಗತಿ. ಒಂದು ಸುದ್ದಿಯಲ್ಲಿ ತಪ್ಪಿದ್ದರೆ ಇಡೀ ಸಂಪರ್ಕ ಕಡಿಯಬೇಡ, ಆ ಒಂದು ದಾರಿಯನ್ನು ಮಾತ್ರ ಕೈಬಿಡು ಎನ್ನುವ ತಿಳಿವಳಿಕೆ 2015ರ ಆಗಸ್ಟ್‌ನಲ್ಲೇ ಆರ್‌ಎಫ್‌ಸಿ 7606 ಎಂಬ ನಿಯಮವಾಗಿ ಬಂದಿತ್ತು. ಅದನ್ನು ಎಲ್ಲ ಕಡೆ ಜಾರಿಗೆ ತರುವುದು ಬೇಸರ ಹಿಡಿಸುವ ಕೆಲಸ. ಒಂದೊಂದು ಅಟ್ರಿಬ್ಯೂಟನ್ನೂ ಓದುವ ಜಾಗಕ್ಕೆ ಹೋಗಿ, ಇಲ್ಲಿ ಕೆಟ್ಟದ್ದು ಬಂದರೆ ಏನು ಮಾಡುತ್ತೇವೆ ಎಂದು ಕೇಳಿಕೊಳ್ಳಬೇಕು. ಆ ಕೆಲಸ ಬಾಕಿ ಉಳಿದಿದ್ದರಿಂದಲೇ ಈ ಪೆಟ್ಟು ಬಿತ್ತು. 2023ರಲ್ಲಿ 23ನೇ ಅಟ್ರಿಬ್ಯೂಟ್ ಕೆಟ್ಟು ಬಂದಾಗಲೂ ಎಫ್‌ಆರ್‌ಆರ್ ಸೇರಿ ಒಂದಕ್ಕಿಂತ ಹೆಚ್ಚು ತಂತ್ರಾಂಶಗಳಲ್ಲಿ ಇದೇ ಜಾತಿಯ ದೋಷ ಕಂಡಿತು. ಹೊಸ ಸೌಲಭ್ಯ ಬರೆಯಲು ಸಾಲುಗಟ್ಟಿ ನಿಂತವರಲ್ಲಿ ಅರ್ಧ ಜನ ಈ ಕೆಲಸಕ್ಕೆ ಕೈಹಾಕಿದ್ದರೆ ಸಾಕಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

"ಹಾಗಾದರೆ ಯಾರು ಬೇಕಾದ್ರೂ ತಿದ್ದಬಹುದು ಅನ್ನೋದೇ ತಪ್ಪಲ್ಲವಾ?" ಟೀಚರಮ್ಮ ಪಟ್ಟು ಬಿಡಲಿಲ್ಲ.

ಯಾರು ಬೇಕಾದರೂ ತಿದ್ದಿ ತೋರಿಸಬಹುದು. ಒಳಗೆ ಸೇರಿಸಿಕೊಳ್ಳುವುದು ಬೇರೆ ಮಾತು.

ಒಂದು ಮಾದರಿ ಬಗ್ ಹೇಳುತ್ತೇನೆ, ಇಂಥವು ಆಗಾಗ ಬರುತ್ತವೆ. ನೆರೆ ರೂಟರ್ ಜೊತೆಗಿನ ಸಂಪರ್ಕ ಬಿದ್ದಿದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯಲು ಟೈಮರ್ ಇಟ್ಟಿದೆ. ಅಷ್ಟರಲ್ಲಿ ಆಪರೇಟರ್ ಆ ನೆರೆಯವರನ್ನೇ ಕಾನ್ಫಿಗ್‌ನಿಂದ ತೆಗೆದರು. ಅವರ ಲೆಕ್ಕ ಇಟ್ಟಿದ್ದ ಮೆಮೊರಿಯನ್ನು ತಂತ್ರಾಂಶ ಬಿಟ್ಟುಕೊಟ್ಟಿತು, ಟೈಮರನ್ನು ಮಾತ್ರ ರದ್ದು ಮಾಡಲಿಲ್ಲ. ಹೊತ್ತಾದಾಗ ಟೈಮರ್ ಎದ್ದು ಇಲ್ಲದ ನೆರೆಯವರ ಲೆಕ್ಕವನ್ನು ಮುಟ್ಟಿತು. ಬಿಜಿಪಿ ಮಾತಾಡುವ ಕಾರ್ಯಕ್ರಮವಾದ ಬಿಜಿಪಿಡಿ ಬಿತ್ತು. ತಿದ್ದುಪಡಿ ಒಂದೇ ಸಾಲು: ಬಿಟ್ಟುಕೊಡುವ ಮುಂಚೆ ಟೈಮರ್ ರದ್ದು ಮಾಡು.

ಆ ಒಂದು ಸಾಲಿಗೆ ಮುಂಚೆ ಎಷ್ಟು ಕೆಲಸ! ದೂರು ಕೊಟ್ಟವರ ಬಳಿ ಇರುವುದು ಬಿದ್ದಾಗಿನ ಬ್ಯಾಕ್‌ಟ್ರೇಸ್ ಮಾತ್ರ. ಅವರ ಜಾಲ ದೊಡ್ಡದು, ನನ್ನ ಮೇಜಿನ ಮೇಲಿರುವುದು ಒಂದು ಲ್ಯಾಪ್‌ಟಾಪ್. ಲಿನಕ್ಸ್‌ನ ನೇಮ್‌ಸ್ಪೇಸ್‌ಗಳಿಂದ ಅದರೊಳಗೇ ಆರ್1, ಆರ್2, ಆರ್3 ಎಂದು ಮೂರು ರೂಟರ್ ಹುಟ್ಟಿಸಿ, ನಡುವೆ ತಂತಿ ಎಳೆದಂತೆ ಮಾಡಿ, ಅದೇ ಪರಿಸ್ಥಿತಿ ತರಬೇಕು. ನೂರು ಸಲ ಓಡಿಸಿದರೆ ಒಮ್ಮೆ ಬೀಳುವ ಬಗ್ ಆದರೆ, ಆ ಗಳಿಗೆ ಹಿಡಿಯುವುದರಲ್ಲೇ ವಾರ ಕಳೆಯುತ್ತದೆ. ಅಡ್ರೆಸ್ ಸ್ಯಾನಿಟೈಸರ್ ಎಂಬ ಸಾಧನ ಹಾಕಿ ಕಟ್ಟಿದರೆ ಮೆಮೊರಿ ಎಲ್ಲಿ ಬಿಟ್ಟದ್ದು, ಎಲ್ಲಿ ಮತ್ತೆ ಮುಟ್ಟಿದ್ದು ಎಂದು ಸಾಲಿನ ನಂಬರ್ ಸಮೇತ ಹೇಳುತ್ತದೆ. ಆ ವರದಿ ಪರದೆಯ ಮೇಲೆ ಬಂದ ಕ್ಷಣದ ಸಂತೋಷವನ್ನು ಈ ಕೆಲಸ ಮಾಡಿದವರೆಲ್ಲ ಬಲ್ಲರು.

ಆಮೇಲೆ ಒಂದು ಸಾಲಿನ ಪ್ಯಾಚ್ ಜೊತೆ ಅದಕ್ಕೊಂದು ಪರೀಕ್ಷೆ ಬರೆಯಬೇಕು. ಅದು ನೂರಾರು ಸಾಲಾದರೂ ಆಗಬಹುದು. ನಾವು ಅದಕ್ಕೆ ಟೋಪೋಟೆಸ್ಟ್ ಎನ್ನುತ್ತೇವೆ. ತಿದ್ದುವ ಮುಂಚೆ ಆ ಪರೀಕ್ಷೆ ಫೇಲಾಗಬೇಕು, ತಿದ್ದಿದ ಮೇಲೆ ಪಾಸಾಗಬೇಕು. ಕಮಿಟ್‌ನ ಟಿಪ್ಪಣಿಯಲ್ಲಿ ಏನು ಬದಲಿಸಿದೆ ಎನ್ನುವುದಕ್ಕಿಂತ ಏಕೆ ಬದಲಿಸಿದೆ ಎಂದು ಬರೆದು, ಕೆಳಗೆ ಹೆಸರು ಹಾಕಿ ಹೊಣೆ ಹೊರಬೇಕು. ಅಲ್ಲಿಂದ ಯಂತ್ರಗಳು ಅದನ್ನು ಹಲವು ಬಗೆಯ ಲಿನಕ್ಸ್‌ಗಳಲ್ಲೂ ಫ್ರೀಬಿಎಸ್‌ಡಿಯಲ್ಲೂ ಕಟ್ಟಿ ಓಡಿಸುತ್ತವೆ. ಆಮೇಲೆ ಮನುಷ್ಯರು ಓದುತ್ತಾರೆ. ನಿಮ್ಮನ್ನು ಕಂಡೇ ಇರದ ಯಾರೋ ಬೇರೆ ದೇಶದವರು, ಎಷ್ಟೋ ಸಲ ನಿಮ್ಮ ಕಂಪನಿಗೆ ಎದುರಾಳಿ ಕಂಪನಿಯಲ್ಲಿ ಸಂಬಳ ಪಡೆಯುವವರು, 'ಇದೇ ತಪ್ಪು ಇನ್ನೊಂದು ಕಡೆಯೂ ಇದೆ, ನೋಡಿದಿರಾ?' ಎಂದು ಕೇಳುತ್ತಾರೆ. ಅವರು ಒಪ್ಪಿದ ಮೇಲೆ ಮರ್ಜ್, ಅಂದರೆ ಒಳಗೆ ಸೇರಿಕೆ. ಬಳಿಕ ಹಳೆಯ ಆವೃತ್ತಿಗಳಿಗೂ ಬ್ಯಾಕ್‌ಪೋರ್ಟ್. ತಾನು ಬರೆದದ್ದನ್ನು ತಾನೇ ಸೇರಿಸಿಕೊಳ್ಳುವ ಪದ್ಧತಿ ಇಲ್ಲ. ಬೀಗ ಹಾಕಿದ ಪೆಟ್ಟಿಗೆಯೊಳಗಿನ ತಂತ್ರಾಂಶವನ್ನು ಇಷ್ಟು ಜನ, ಇಷ್ಟು ಬಯಲಿನಲ್ಲಿ ನಿಂತು ಓದುವುದಿಲ್ಲ. ಟೀಚರಮ್ಮನಿಗೆ ನಾನು ಕೊಟ್ಟ ಉತ್ತರ ಇದೇ.

ಹೊಸ ಸೌಲಭ್ಯಕ್ಕೆ ಇದರ ಮೇಲೆ ಇನ್ನೊಂದು ಭಾರ ಇದೆ. ಒಂದು ಆಜ್ಞೆಯನ್ನು ಒಮ್ಮೆ ಬಿಡುಗಡೆ ಮಾಡಿದರೆ ಅದು ಊರೂರಿನ ಕಾನ್ಫಿಗ್ ಫೈಲುಗಳಲ್ಲಿ ಕೂತುಬಿಡುತ್ತದೆ. ಆಮೇಲೆ ಹೆಸರು ಚೆನ್ನಾಗಿಲ್ಲ ಎಂದು ಬದಲಿಸಲು ಬಾರದು. ಒಳ್ಳೆಯದಕ್ಕೆಂದೇ ಮಾಡಿದ ಬದಲಾವಣೆಯೂ ಜನರನ್ನು ಗಾಬರಿಗೊಳಿಸುತ್ತದೆ. 2020ರಲ್ಲಿ ಬಂದ ಎಫ್‌ಆರ್‌ಆರ್ 7.4ರಲ್ಲಿ, ಹೊರಗಿನ ನೆರೆಯವರಿಂದ ಏನು ತೆಗೆದುಕೊಳ್ಳಬೇಕು, ಏನು ಹೇಳಬೇಕು ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಏನನ್ನೂ ತೆಗೆದುಕೊಳ್ಳಬೇಡ, ಏನನ್ನೂ ಹೇಳಬೇಡ ಎನ್ನುವುದು ಸಹಜ ಸ್ಥಿತಿಯಾಯಿತು. ಹಾಗೆ ಮಾಡಿ ಎಂದು ಆರ್‌ಎಫ್‌ಸಿ 8212 ಮೂರು ವರ್ಷ ಮೊದಲೇ ಹೇಳಿತ್ತು. ಒಬ್ಬರ ಕೈತಪ್ಪು ಇನ್ನೊಬ್ಬರ ಜಾಲಕ್ಕೆ ಹರಿಯದಿರಲು ಇದು ತೀರಾ ಬೇಕಾದದ್ದು. ಆದರೆ ಹಾಸನದ ಕಡೆ ಫೈಬರ್ ಸಂಪರ್ಕ ಕೊಡುವ ನನ್ನ ಪರಿಚಯದವರೊಬ್ಬರು ರಾತ್ರಿ ಅಪ್‌ಗ್ರೇಡ್ ಮಾಡಿ ಫೋನ್ ಮಾಡಿದರು. "ಅಕ್ಕಾ, ಸೆಷನ್ ಎದ್ದಿದೆ, ಒಂದು ದಾರಿನೂ ಬರ್ತಿಲ್ಲ. ನಂಬರ್ ಇರೋ ಜಾಗದಲ್ಲಿ 'ಪಾಲಿಸಿ' ಅಂತ ತೋರಿಸ್ತಿದೆ." ಯಾವ ದಾರಿ ಬರಬೇಕು, ಯಾವುದು ಹೋಗಬೇಕು ಎಂದು ಎರಡು ರೂಟ್‌ಮ್ಯಾಪ್ ಬರೆಸಿದೆ, ಬಂತು. ಅವತ್ತಿನವರೆಗೆ ಅವರ ಜಾಲ ಯಾರು ಏನು ಹೇಳಿದರೂ ಒಪ್ಪಿ, ಆಚೆಗೂ ಸಾರುತ್ತಿತ್ತು. ಆ ಬದಲಾವಣೆ ಸರಿಯಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬಿಡುಗಡೆಯ ಟಿಪ್ಪಣಿಯನ್ನು ದಪ್ಪಕ್ಷರದಲ್ಲಿ ಬರೆದರೂ ಸಾಲದು, ತೋರಿಸುವ ಪರದೆಯಲ್ಲೇ ಕಾರಣವನ್ನು ಹೇಳಬೇಕು ಎಂದು ಯಾರೋ ಯೋಚಿಸಿ ಆ 'ಪಾಲಿಸಿ' ಪದ ಹಾಕಿದ್ದರಲ್ಲ, ಅವರಿಗೆ ನನ್ನ ನಮಸ್ಕಾರ.

ಕವಲುಗಳ ಮಾತಿಗೆ ಮತ್ತೆ ಬರುತ್ತೇನೆ. ಜೀಬ್ರಾ ಏಕೆ ಕ್ವಾಗಾ ಆಯಿತು, ಕ್ವಾಗಾ ಏಕೆ ಎಫ್‌ಆರ್‌ಆರ್ ಆಯಿತು? ಎರಡು ಸಲವೂ ಕಾರಣ ಹೆಚ್ಚುಕಮ್ಮಿ ಒಂದೇ. ಹೊರಗಿನವರು ಪ್ಯಾಚ್ ಕಳಿಸುತ್ತಿದ್ದರು, ಒಳಗೆ ಓದಿ ಒಪ್ಪುವ ಕೈಗಳು ಸಾಲುತ್ತಿರಲಿಲ್ಲ. ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ ಎಂಬ ಸ್ಥಿತಿಯಲ್ಲಿ ತಿದ್ದುಪಡಿಗಳು ಕಾದು ಕೂತವು. ಕಂಪನಿಗಳು ತಂತಮ್ಮ ಪ್ಯಾಚುಗಳ ಕಟ್ಟು ಹೊತ್ತು ತಂತಮ್ಮ ದಾರಿ ಹಿಡಿದವು, ಒಬ್ಬರು ಸರಿಪಡಿಸಿದ ಬಗ್ಗನ್ನೇ ಇನ್ನೊಬ್ಬರು ಮತ್ತೆ ಹುಡುಕಿದರು. ಹಾಗಾಗಿ ನನ್ನ ಲೆಕ್ಕದಲ್ಲಿ ಬರೆಯುವವರಿಗಿಂತ ಓದುವವರ ಕೊರತೆಯೇ ದೊಡ್ಡದು. ಎಫ್‌ಆರ್‌ಆರ್‌ನ ಹತ್ತಿರವೂ ಆ ಕೊರತೆ ಇದೆ. ಸೌಲಭ್ಯ ಸೇರಿಸಿ, ಪ್ರಾಜೆಕ್ಟ್ ಮುಗಿಯಿತೆಂದು ಹೊರಟುಹೋಗುವವರು ಬಿಟ್ಟುಹೋದ ಕೋಡನ್ನು ನೋಡಿಕೊಳ್ಳುವುದು ಉಳಿದವರ ಪಾಲಿಗೆ ಬರುತ್ತದೆ.

ರೂಟರ್ ಮಾಡುವ ದೊಡ್ಡ ಕಂಪನಿಗಳ ಕಚೇರಿಗಳು ಬೆಂಗಳೂರಿನಲ್ಲಿವೆ. ಬಿಜಿಪಿ, ಒಎಸ್‌ಪಿಎಫ್ ಮುಂತಾದ ನಿಯಮಗಳನ್ನು ಅರೆದು ಕುಡಿದ ಕನ್ನಡದ ಎಂಜಿನಿಯರುಗಳಿಗೆ ಅಲ್ಲಿ ಬರವಿಲ್ಲ. ಜಾಲಗಳು ಕೂಡುವ ನಿಕ್ಸಿಯ ಎಕ್ಸ್‌ಚೇಂಜ್ ಕೂಡ ಅಲ್ಲೇ ಇದೆ. ಆ ಎಂಜಿನಿಯರುಗಳಲ್ಲಿ ವಾರಕ್ಕೆ ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರು ಹೊಸದೇನೂ ಬರೆಯಬೇಕಿಲ್ಲ, ಬೇರೆಯವರು ಕಳಿಸಿದ ಒಂದು ಪ್ಯಾಚ್ ಓದಲಿ. ತುಮಕೂರು, ಹುಬ್ಬಳ್ಳಿ, ಮಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೂ ಒಂದು ಮಾತು. ಇದಕ್ಕೆ ದುಬಾರಿ ರೂಟರ್ ಬೇಡ, ಲಿನಕ್ಸ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಎಫ್‌ಆರ್‌ಆರ್ ಇಳಿಸಿಕೊಂಡು ಒಳಗೇ ಎರಡು ರೂಟರ್ ಹುಟ್ಟಿಸಿ ಮಾತಾಡಿಸಿ. ತೆರೆದಿಟ್ಟ ದೂರುಗಳಲ್ಲಿ ಒಂದನ್ನು ಆರಿಸಿ ನಿಮ್ಮ ಯಂತ್ರದಲ್ಲಿ ಮರುಕಳಿಸಿ ನೋಡಿ. ಮರುಕಳಿಸಿದರೆ ಹೇಗೆ ಮಾಡಿದಿರಿ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದು ಕಳಿಸಿ. ಒಂದು ಸಾಲೂ ತಿದ್ದದಿದ್ದರೂ ಪರವಾಗಿಲ್ಲ, ಬಗ್ ಸರಿಪಡಿಸುವ ಕೆಲಸದಲ್ಲಿ ಅರ್ಧ ಅಲ್ಲಿಗೆ ಮುಗಿದಿರುತ್ತದೆ.